ಹದಿನೈದು ತಿಂಗಳು ಬರೀ ಲೆಫ್ಟ್ ರೈಟಾ?

ತೀರ್ಥಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಮೊದಲ ಮಹಾಯುದ್ಧದ ಆಕ್ರಿಂಗ್ಟನ್ ಪಾಲ್ಸ್ (ಆಕ್ರಿಂಗ್ಟನ್ ಊರಿನ ಗೆಳೆಯರು) ಎಂಬ ಬ್ರಿಟಿಷ್ ಪಡೆಯ ಬಗ್ಗೆ ಅರ್ಧ ಪುಟ ಹಾಕಿದ್ದಿರಿ. 1914ರ ಸೆಪ್ಟೆಂಬರಿನಲ್ಲಿ ಸೇರಿದವರು 1915ರ ಡಿಸೆಂಬರ್‌ವರೆಗೆ ತಮ್ಮ ದೇಶದಲ್ಲೇ ತರಬೇತಿಯಲ್ಲಿದ್ದರು, ಮರುವರ್ಷ ಅರ್ಧ ಗಂಟೆಯಲ್ಲಿ ನೆಲಕಚ್ಚಿದರು ಎಂದಿರಿ. ನಾನೂ ಎನ್‌ಸಿಸಿ ಮಾಡಿದವನು. ಲೆಫ್ಟ್ ರೈಟ್ ಕಲಿಯಲು ಮೂರು ತಿಂಗಳು ಧಾರಾಳ. ಮಿಕ್ಕ ಒಂದು ವರ್ಷ ಆ ಸಾವಿರ ಜನ ಬೆಳಗಿನಿಂದ ರಾತ್ರಿವರೆಗೆ ಏನು ಮಾಡುತ್ತಿದ್ದರು? ಅಷ್ಟು ಕಲಿತೂ ಹಾಗೇಕಾಯಿತು? ಇನ್ನೊಂದು: ಒಂದು ಸಾಲಿನಲ್ಲಿ ಬೆಟಾಲಿಯನ್, ಮುಂದಿನ ಸಾಲಿನಲ್ಲಿ ರೆಜಿಮೆಂಟ್. ಯಾವುದು ಸರಿ?"

ಮೇಷ್ಟ್ರೇ, ಆ ಅರ್ಧ ಪುಟದಲ್ಲಿ ಸಾವಿನ ಲೆಕ್ಕ ಬಿಟ್ಟರೆ ಬೇರೇನೂ ಇರಲಿಲ್ಲ, ಒಪ್ಪಿದೆ. ಜಾಗ ಸಾಲಲಿಲ್ಲ ಎಂಬ ಸಂಪಾದಕರ ಮಾಮೂಲಿ ಸಬೂಬು ಹೇಳುವುದಿಲ್ಲ. ಅವರು ಬದುಕಿದ್ದ ದಿನಗಳ ಬಗ್ಗೆ ಬರೆಯಬೇಕು ಅಂತ ನಮಗೆ ಹೊಳೆಯಲೇ ಇಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಚಿಕ್ಕ ಉತ್ತರವೊಂದಿದೆ. ಅಷ್ಟು ದಿನ ಹಿಡಿದದ್ದು ಕಲಿಯುವುದು ಬಹಳ ಇತ್ತೆಂದಲ್ಲ, ಕಲಿಯಲು ಬೇಕಾದ ಬಂದೂಕು ಇರಲಿಲ್ಲವೆಂದು. ಬ್ರಿಟನ್ ಯುದ್ಧಕ್ಕಿಳಿದದ್ದು 1914ರ ಆಗಸ್ಟ್ 4ರಂದು. ಯುದ್ಧಮಂತ್ರಿ ಕಿಚನರ್ ಮೊದಲು ಕೇಳಿದ್ದು ಒಂದು ಲಕ್ಷ ಜನರನ್ನು. ಸೆಪ್ಟೆಂಬರ್ 3ರ ಒಂದೇ ದಿನ 33,204 ಮಂದಿ ಹೆಸರು ಬರೆಸಿದರು. ಮದುವೆಗೆ ನೂರು ಜನರಿಗೆ ಹೇಳಿ ಸಾವಿರ ಜನ ಬಂದು ಕೂತರೆ ಅಡುಗೆಮನೆಯ ಗತಿ ಏನಾದೀತೋ, ಅದೇ ಗತಿ ಸೈನ್ಯದ ಉಗ್ರಾಣಕ್ಕೆ ಆಯಿತು. ರೈಫಲ್ ಇಲ್ಲ, ಬೂಟಿಲ್ಲ, ಕಂಬಳಿಯಿಲ್ಲ. ಮರದ ತುಂಡನ್ನೋ ಪೊರಕೆ ಕೋಲನ್ನೋ ಹೆಗಲಿಗೇರಿಸಿ ಕವಾಯತು ಮಾಡಿದ ಪಡೆಗಳು ಎಷ್ಟೋ. ಖಾಕಿ ಬಟ್ಟೆಯೂ ಸಾಲದೆ, ಅಂಚೆ ಇಲಾಖೆಯ ದಾಸ್ತಾನಿನಲ್ಲಿದ್ದ ಸರ್ಜ್ ಎಂಬ ಉಣ್ಣೆ ಬಟ್ಟೆಯ ನೀಲಿ ಸಮವಸ್ತ್ರಗಳನ್ನು, ಸುಮಾರು ಐದು ಲಕ್ಷ ಜೊತೆ, ತಂದು ಹಂಚಿದರು. ದೇಶಕ್ಕಾಗಿ ಪ್ರಾಣ ಕೊಡಲು ಬಂದವನು ಕನ್ನಡಿಯಲ್ಲಿ ನೋಡಿಕೊಂಡರೆ ಪೋಸ್ಟ್‌ಮ್ಯಾನ್ ಕಾಣಬೇಕು!

ಆಕ್ರಿಂಗ್ಟನ್ ಇರುವುದು ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ. ಹತ್ತಿ ಗಿರಣಿಗಳ, ನೂಲುವ ಯಂತ್ರ ತಯಾರಿಸುವ ಊರು. ಆ ಬೇಸಿಗೆಯಲ್ಲಿ ಅಲ್ಲಿನ ದೊಡ್ಡ ಯಂತ್ರ ಕಾರ್ಖಾನೆಗೆ ಬೀಗ ಬಿದ್ದು ಸಾವಿರಾರು ಜನ ಕೂಲಿಯಿಲ್ಲದೆ ಕೂತಿದ್ದರು. ಸಿಪಾಯಿಗೆ ದಿನಕ್ಕೆ ಒಂದು ಶಿಲಿಂಗ್ ಸಂಬಳ, ಹೊಟ್ಟೆಗೆ ಊಟ. ದೇಶಭಕ್ತಿ ಇರಲಿಲ್ಲ ಅನ್ನುತ್ತಿಲ್ಲ, ಒಲೆಯ ಚಿಂತೆಯೂ ಇತ್ತು. ಹತ್ತೇ ದಿನದಲ್ಲಿ ಪಡೆ ತುಂಬಿತು. ಬ್ಯಾರಕ್ ಇಲ್ಲದ್ದರಿಂದ ಮೊದಲ ಐದು ತಿಂಗಳು ಅವರು ಮಲಗಿದ್ದು ತಮ್ಮ ತಮ್ಮ ಮನೆಯಲ್ಲೇ. ಬೆಳಿಗ್ಗೆ ಎದ್ದು ಗಿರಣಿಗೆ ಹೋಗುವ ಹಾಗೆ ಕವಾಯತಿಗೆ ಹೋಗುವುದು, ಸಂಜೆ ಮನೆಗೆ ಬರುವುದು. ನೆರೆಯ ಚೋರ್ಲಿಯವರದ್ದೇ ಒಂದು ಕಂಪನಿ. ಅದರ ಕವಾಯತು ಚೋರ್ಲಿಯಲ್ಲೇ. ಇಡೀ ಬೆಟಾಲಿಯನ್ ಒಂದೆಡೆ ಸೇರಿದ್ದು 1915ರ ಫೆಬ್ರವರಿಯಲ್ಲಿ, ವೇಲ್ಸಿನ ಕರ್ನಾರ್ವನ್ ಎಂಬ ಕಡಲಂಚಿನ ಊರಿಗೆ ಹೋದಾಗ. ಅಲ್ಲಿ ಊರಿನವರ ಮನೆಗಳಲ್ಲಿ ಹಂಚಿ ಇಟ್ಟರು. ಊರಿನವರಾಡುವುದು ವೆಲ್ಷ್, ಬಂದವರದ್ದು ಲ್ಯಾಂಕಶೈರ್ ಇಂಗ್ಲಿಷ್. ಮೇ ತಿಂಗಳಲ್ಲಿ ಮತ್ತೆ ಇಂಗ್ಲೆಂಡಿಗೆ, ರೂಜ್ಲಿಯ ಬಳಿ ಮರದ ಗುಡಿಸಲುಗಳ ಶಿಬಿರ, ಆಮೇಲೆ ರಿಪನ್, ಕೊನೆಗೆ ಸಾಲ್ಸ್‌ಬರಿ ಬಯಲು.

ಆ ಕಾಲದ ಶಿಬಿರಗಳ ದಿನಚರಿ ಹೆಚ್ಚುಕಡಿಮೆ ಒಂದೇ. ಐದೂವರೆ ಆರಕ್ಕೆ ಕಹಳೆ. ಒಂದು ಮಗ್ ಚಹಾ, ಉಪಾಹಾರಕ್ಕೆ ಮೊದಲೇ ಒಂದು ಗಂಟೆ ಅಂಗಸಾಧನೆ. ಒಂಬತ್ತರಿಂದ ಮಧ್ಯಾಹ್ನದವರೆಗೆ ಕವಾಯತು, ಕಂದಕ ತೋಡುವುದು, ಹುಲ್ಲು ತುಂಬಿದ ಗೋಣಿಚೀಲಕ್ಕೆ ಬಯೊನೆಟ್ ಚುಚ್ಚುವುದು. ಮಧ್ಯಾಹ್ನ ಮಾಂಸದ ಸಾರು, ಆಲೂಗಡ್ಡೆ. ಊಟದ ಹೊತ್ತಿಗೆ ಅಧಿಕಾರಿಯೊಬ್ಬ ಬಂದು "ಏನಾದರೂ ದೂರು ಇದೆಯಾ?" ಎಂದು ಕೇಳಬೇಕೆಂಬುದು ನಿಯಮ. ಪಕ್ಕದಲ್ಲೇ ಸಾರ್ಜೆಂಟ್ ನಿಂತಿರುವಾಗ ಬಾಯಿ ಬಿಡುವವನು ಯಾರು? ಎರಡರಿಂದ ನಾಲ್ಕೂವರೆವರೆಗೆ ಮತ್ತೆ ಅದೇ. ಸಂಜೆ ಬ್ರೆಡ್ಡು, ಜಾಮು, ಚಹಾ. ಹತ್ತೂಕಾಲಕ್ಕೆ ದೀಪ ಆರಬೇಕು.

ಇದು ವೇಳಾಪಟ್ಟಿ. ನಡುನಡುವೆ ಇದ್ದದ್ದು ಮನೆಗೆಲಸ. ಸಾವಿರ ಜನರ ಮನೆ ಎಂದುಕೊಳ್ಳಿ. ಆಲೂಗಡ್ಡೆ ಸುಲಿಯಬೇಕು, ಕಲ್ಲಿದ್ದಲು ಹೊರಬೇಕು, ಪಾಯಿಖಾನೆ ಗುಂಡಿ ತೋಡಬೇಕು, ಕುದುರೆ ಲಾಯ ಬಳಿಯಬೇಕು, ಹಿತ್ತಾಳೆ ಗುಂಡಿ ಉಜ್ಜಬೇಕು. ಮನೆಯಲ್ಲಿ ಹೆಂಡತಿ, ತಾಯಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಗಂಡಸರು ಮೊದಲ ಸಲ ಮಾಡಿದ್ದು ಸೈನ್ಯದಲ್ಲಿ. ತಪ್ಪು ಮಾಡಿದವನಿಗೆ ಅದನ್ನೇ ಶಿಕ್ಷೆಯಾಗಿ ಎರಡರಷ್ಟು ಕೊಡುತ್ತಿದ್ದರು.

ನನ್ನನ್ನು ಕೇಳಿದರೆ, ತರಬೇತಿಯ ನಿಜವಾದ ಪಾಠ ಇದ್ದದ್ದು ಕಾಲಿನಲ್ಲಿ. ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು, ಗಂಟೆಯಲ್ಲಿ ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿಶ್ರಾಂತಿ. ಲಾಡ ಹೊಡೆದ ಹೊಸ ಬೂಟು ಮೊದಲ ವಾರ ಹಿಮ್ಮಡಿಯ ಚರ್ಮ ಕೀಳುತ್ತಿತ್ತು. ಕಾಲುಚೀಲದ ಒಳಗೆ ಸಾಬೂನು ಸವರಿಕೊಳ್ಳುವುದು ಹಳಬರು ಹೇಳಿಕೊಟ್ಟ ಉಪಾಯ. ನಡಿಗೆ ಮುಗಿದ ಮೇಲೆ ಪ್ಲಟೂನಿನ ಅಧಿಕಾರಿ ತನ್ನ ಐವತ್ತು ಚಿಲ್ಲರೆ ಜನರ ಬರಿಗಾಲನ್ನು ಒಂದೊಂದಾಗಿ ನೋಡಬೇಕು. ಗಿರಣಿ ಮಾಲೀಕರ ಕಡೆಯ ಹುಡುಗ ನೇಕಾರನ ಮಗನ ಮುಂದೆ ಬಗ್ಗಿ ಬೊಬ್ಬೆ ಎದ್ದಿದೆಯಾ ಎಂದು ನೋಡುವುದು ಆ ವರ್ಗಭೇದದ ದೇಶದಲ್ಲಿ ಸಣ್ಣ ಮಾತಲ್ಲ. ಕಂದಕದಲ್ಲಿ ಅವನು ಹೇಳಿದ್ದನ್ನು ಇವರು ಕೇಳಿದ್ದರಲ್ಲಿ ಆ ಪಾದಪರೀಕ್ಷೆಯ ಪಾಲೂ ಇದೆ ಎಂಬುದು ನನ್ನ ಅನಿಸಿಕೆ.

ಕಾಲಿಗೆ ಸುತ್ತುತ್ತಿದ್ದ ಬಟ್ಟೆಯ ಹೆಸರು 'ಪಟ್ಟಿ'. ಹೌದು, ನಮ್ಮದೇ ಪಟ್ಟಿ. ಅಡುಗೆ ಬೇಯುತ್ತಿದ್ದ 'ಡಿಕ್ಸಿ' ಎಂದರೆ ನಮ್ಮ ಬಿರಿಯಾನಿ ಬಾಣಸಿಗರ ಡೇಗ್ಚಿ. ಹಳೆಯ ಸಾರ್ಜೆಂಟುಗಳಲ್ಲಿ ಅನೇಕರು ಹಿಂದೂಸ್ತಾನದ ದಂಡುಗಳಲ್ಲಿ ಸವೆದು ನಿವೃತ್ತರಾಗಿ ಮತ್ತೆ ಕರೆಸಿಕೊಂಡವರು. ಇಲ್ಲಿಂದ ರಜೆಗೆ ಹೋಗಿದ್ದ ನೂರಾರು ಅಧಿಕಾರಿಗಳನ್ನೂ ಕಿಚನರ್ ಅಲ್ಲೇ ತಡೆದು ಹೊಸ ಪಡೆಗಳಿಗೆ ಹಂಚಿದರು. ಅವರ ಬಾಯಿಂದ ಖುಷಿ ಎಂಬುದು 'ಕುಶಿ' ಆಗಿ, ವಿಲಾಯಿತಿ ಎಂಬುದು 'ಬ್ಲೈಟಿ' ಆಗಿ ನೇಕಾರ ಹುಡುಗರ ನಾಲಿಗೆಗೆ ಹತ್ತಿತು. ಖಾಕಿ ಎಂಬ ಮಾತೂ ಇಲ್ಲಿಂದಲೇ ಹೋದದ್ದು. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ಖಾಕಿಗೆ ಹೆಸರಾಗಿತ್ತು. ಯುದ್ಧ ಬಂದಾಗ ಅದನ್ನು ನಡೆಸುತ್ತಿದ್ದ ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟಿತು. ಅದರದ್ದೇ ಬೇರೆ ಕಥೆ, ಇನ್ನೊಮ್ಮೆ ಬರೆಯೋಣ.

ಟೈಫಾಯ್ಡ್ ಚುಚ್ಚುಮದ್ದು ಐಚ್ಛಿಕವಾಗಿತ್ತು. ಹಾಕಿಸಿಕೊಂಡವನಿಗೆ ಎರಡು ದಿನ ಬಿಡುವು. ಭಾನುವಾರ ಚರ್ಚಿನ ಪರೇಡ್ ಮಾತ್ರ ಕಡ್ಡಾಯ. ಇಂತಿಷ್ಟು ಹಣವನ್ನು ಸಂಬಳದಿಂದ ಹಿಡಿದು ಮನೆಗೆ ಕಳಿಸುವ ಏರ್ಪಾಡಿತ್ತು. ಉಳಿದ ಚಿಲ್ಲರೆ ಬಿಯರಿಗೆ, ಇಸ್ಪೀಟಿಗೆ. ಸಂಜೆ ವೈಎಂಸಿಎ ಗುಡಿಸಲಿನಲ್ಲಿ ಕೂತು ಬಿಟ್ಟಿ ಕಾಗದದಲ್ಲಿ ಮನೆಗೆ ಪತ್ರ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಅಷ್ಟು ಕಲಿತೂ ಹಾಗೇಕಾಯಿತು ಎಂಬುದು. ಡಿಸೆಂಬರಿನಲ್ಲಿ ಹಡಗು ಹತ್ತಿ ಅವರು ಮೊದಲು ಹೋದದ್ದು ಈಜಿಪ್ಟಿಗೆ, ಸೂಯೆಜ್ ಕಾಲುವೆಯ ಕಾವಲಿಗೆ. ಅದೇ ಈಜಿಪ್ಟಿನ ರಕ್ಷಣೆಗೆ ನಮ್ಮ ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್ ಅವರಿಗಿಂತ ಒಂದು ವರ್ಷ ಮೊದಲೇ ಹೋಗಿ ಬೀಡುಬಿಟ್ಟಿದ್ದರು. 1916ರ ವಸಂತದಲ್ಲಿ ಪಾಲ್ಸ್ ಫ್ರಾನ್ಸಿಗೆ ಬಂದರು. ಜುಲೈ 1ರ ಬೆಳಿಗ್ಗೆ ಸೆರ್ ಎಂಬ ಹಳ್ಳಿಯತ್ತ ಸುಮಾರು 720 ಜನ ಹೊರಟರು. 584 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ತರಬೇತಿ ಸಾಲದೆ ಹಾಗಾಯಿತು ಎಂದು ನನಗನ್ನಿಸುವುದಿಲ್ಲ. ಏಳು ದಿನ ಫಿರಂಗಿ ಹೊಡೆದೂ ಮುಳ್ಳುತಂತಿ ಹರಿದಿರಲಿಲ್ಲ, ನೆಲದಾಳದ ಬಿಲಗಳಲ್ಲಿದ್ದ ಜರ್ಮನ್ನರು ಮಷಿನ್‌ಗನ್ ಸಮೇತ ಮೇಲೆ ಬಂದರು. ಅದಕ್ಕೆ ಸಾಲ್ಸ್‌ಬರಿಯ ಯಾವ ಸಾರ್ಜೆಂಟೂ ಹೊಣೆಯಲ್ಲ. ಆದರೆ ಹೊಸ ಪಡೆಯವರಿಗೆ ಸಾಲುಗಟ್ಟಿ ನಡೆಯುವುದಕ್ಕಿಂತ ಹೆಚ್ಚಿನದು ಬರದು ಎಂಬ ಗುಮಾನಿ ಮೇಲಿನವರಲ್ಲಿ ಇತ್ತು. ಬಂದೂಕು ಕೊಡದೆ ತಿಂಗಳುಗಟ್ಟಲೆ ಸಾಲುಗಟ್ಟಿ ನಡೆಸಿದವರೂ ಅವರೇ. ನನ್ನ ಸಿಟ್ಟು ಅಲ್ಲಿದೆ.

ಕೊನೆಯದಾಗಿ ನಿಮ್ಮ ತಕರಾರು. ಅದು ಪೂರ್ತಿ ಸರಿ, ತಪ್ಪು ನಮ್ಮದು. ಬ್ರಿಟಿಷ್ ಪದಾತಿದಳದಲ್ಲಿ ರೆಜಿಮೆಂಟ್ ಎಂದರೆ ಮನೆತನದ ಹೆಸರಿದ್ದಂತೆ, ಕಾಳಗಕ್ಕೆ ಹೋಗುವುದು ಬೆಟಾಲಿಯನ್. ನಾಲ್ಕು ಕಂಪನಿ, ಕಂಪನಿಗೆ ನಾಲ್ಕು ಪ್ಲಟೂನ್, ಒಟ್ಟು ಸಾವಿರ ಜನ. ಆಕ್ರಿಂಗ್ಟನ್ ಪಾಲ್ಸ್ ಈಸ್ಟ್ ಲ್ಯಾಂಕಶೈರ್ ರೆಜಿಮೆಂಟಿನ 11ನೇ ಬೆಟಾಲಿಯನ್. ನಿಮ್ಮ ಪ್ರತಿಯಲ್ಲಿ ದಯವಿಟ್ಟು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.

— ಸಂಪಾದಕ