ಪ್ಯಾರಾಚೂಟ್ ಬಿಚ್ಚಿಸಿ, ಕೈಗವಸು ತೊಡಿಸಿ

ಗುಬ್ಬಿಯಿಂದ ಕಥೆ ಕಳಿಸಿದ ಮಿತ್ರರಿಗೆ ನಮಸ್ಕಾರ.

ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿಯ ಎಲ್‌ಯುಎಚ್ ಎಂಬ ಲಘು ಹೆಲಿಕಾಪ್ಟರನ್ನು ಕಥೆಗೆ ತಂದದ್ದು ಸಂತೋಷ. ತಾಯಿ ರಾಗಿ ತೂರುವ ಭಾಗ ತುಂಬ ಚೆನ್ನಾಗಿದೆ. ಆದರೆ ಕಾಕ್‌ಪಿಟ್ ಭಾಗ ನಂಬುವಂತಿಲ್ಲ. ಈ ರೂಪದಲ್ಲಿ ಪ್ರಕಟಿಸಲಾರೆವು.

ಮಾರ್ಕೋನಹಳ್ಳಿ ಜಲಾಶಯದ ಮೇಲೆ ಎಂಜಿನ್ ನಿಲ್ಲುತ್ತದೆ. ಎಲ್‌ಯುಎಚ್‌ಗೆ ಇರುವುದೇ ಒಂದು ಎಂಜಿನ್, ಹಾಗಾಗಿ ಆಪತ್ತು ಸಹಜವೇ. ಆದರೆ ನಾಯಕ ಪ್ಯಾರಾಚೂಟಿನಲ್ಲಿ ಜಿಗಿಯುತ್ತಾನೆ! ಹೆಲಿಕಾಪ್ಟರ್ ಪೈಲಟ್‌ಗಳು ಸಾಮಾನ್ಯವಾಗಿ ಪ್ಯಾರಾಚೂಟ್ ಕಟ್ಟಿಕೊಳ್ಳುವುದಿಲ್ಲ. ಹಾರಾಟ ನೆಲಕ್ಕೆ ಹತ್ತಿರ, ತಲೆಯ ಮೇಲೆ ತಿರುಗುವ ರೆಕ್ಕೆಗಳು, ಅಂದರೆ ರೋಟರ್. ಅವರು ಮಾಡುವುದು ಆಟೊರೊಟೇಶನ್, ಅಂದರೆ ಎಂಜಿನ್ ಬಲವಿಲ್ಲದೆ ರೋಟರ್ ತಿರುಗುತ್ತಿರುವಂತೆಯೇ ಇಳಿಯುವುದು. ರೋಟರ್ ರೆಕ್ಕೆಗಳ ಓರೆಯನ್ನು ಬದಲಿಸುವ, ಎಡಗೈಯ ಕಲೆಕ್ಟಿವ್ ಲಿವರನ್ನು ಆ ಕ್ಷಣವೇ ಕೆಳಗಿಳಿಸಬೇಕು. ತಡವಾದರೆ ರೋಟರ್ ವೇಗ ಕುಸಿದು ಕೈಮೀರುತ್ತದೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೀರು ಹತ್ತಿರವಾದಾಗ ಮೂತಿ ಎತ್ತಿ ವೇಗ ತಗ್ಗಿಸಿ, ಕೊನೆಯಲ್ಲಿ ಕಲೆಕ್ಟಿವ್ ಎಳೆದು ಮೆಲ್ಲನೆ ಕೂರಿಸಬೇಕು. ಆ ಎಳೆತಕ್ಕೆ ಸಿಗುವುದು ಒಂದೇ ಅವಕಾಶ.

ಎಂಜಿನ್, ಗೇರ್‌ಬಾಕ್ಸ್ ಮೇಲಿರುವುದರಿಂದ ನೀರಿಗಿಳಿದ ಹೆಲಿಕಾಪ್ಟರ್ ಸಾಮಾನ್ಯವಾಗಿ ಮಗುಚಿಕೊಳ್ಳುತ್ತದೆ. ನಿಮ್ಮ ಸಹಪೈಲಟ್ ಒಳಗೇ ಲೈಫ್ ಜಾಕೆಟ್ ಉಬ್ಬಿಸಿ, ಕೂಡಲೇ ಬೆಲ್ಟ್ ಬಿಚ್ಚಿ ಈಜಿ ಬರುತ್ತಾನೆ. ನಿಜದಲ್ಲಿ ಅವನು ಸಾಯುವ ಸಂಭವವೇ ಹೆಚ್ಚು. ಉಬ್ಬಿದ ಜಾಕೆಟ್ ಅವನನ್ನು ಮೇಲಕ್ಕೊತ್ತಿ ಹಿಡಿಯುತ್ತದೆ, ಬಾಗಿಲಿನತ್ತ ಮುಳುಗಲು ಬಿಡದು. ಬೆಲ್ಟ್ ಮೊದಲೇ ಬಿಚ್ಚಿದರೆ ದಿಕ್ಕೇ ತಪ್ಪುತ್ತದೆ. ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿರಬೇಕು, ಇನ್ನೊಂದು ಬಕಲ್ ಮೇಲೆ. ನೀರು ನುಗ್ಗುವ ರಭಸ ನಿಂತ ಮೇಲೆ ಬಕಲ್ ಬಿಚ್ಚಿ, ಹಿಡಿದ ಚೌಕಟ್ಟಿನತ್ತ ಮೈ ಎಳೆದುಕೊಳ್ಳಬೇಕು. ಜಾಕೆಟ್ ಉಬ್ಬಿಸುವುದು ಹೊರಬಂದ ಮೇಲೆಯೇ.

ಇನ್ನು ಉಡುಪು. ಅಂಗಿಯ ತೋಳು ಮಡಚಿ, ಬರಿಗೈಯಲ್ಲಿ, ಒಳಗೆ ಪಾಲಿಯೆಸ್ಟರ್ ಟೀಶರ್ಟ್ ತೊಟ್ಟು ಯಾವ ಶಿಸ್ತಿನ ಪೈಲಟ್ಟೂ ಹಾರುವುದಿಲ್ಲ. ಹಾರಾಟದ ಉಡುಪಿನ ನೊಮೆಕ್ಸ್ ಬಟ್ಟೆ ಬೆಂಕಿಯಲ್ಲಿ ಕರಗದು. ಪಾಲಿಯೆಸ್ಟರ್ ಕರಗಿ ಚರ್ಮಕ್ಕಂಟುತ್ತದೆ. ಆದ್ದರಿಂದ ಒಳಗೆ ಹತ್ತಿ ಬಟ್ಟೆ, ತೋಳಿಗೂ ಕೈಗವಸಿಗೂ ನಡುವೆ ಚರ್ಮ ಕಾಣದಂತೆ. ಹೆಲ್ಮೆಟ್ಟಿನ ಗದ್ದದ ಪಟ್ಟಿ ಸಡಿಲವಿದ್ದರೆ ಮೊದಲ ಪೆಟ್ಟಿಗೇ ಅದು ಕಳಚುತ್ತದೆ, ಎರಡನೆಯದು ಬರಿತಲೆಗೆ. ಹಕ್ಕಿ ಗಾಜು ಒಡೆದು ನುಗ್ಗಿದರೆ ಕಣ್ಣು ಉಳಿಸುವುದು ಇಳಿಬಿಟ್ಟ ವೈಸರ್, ಅಂದರೆ ಹೆಲ್ಮೆಟ್ಟಿನ ಮುಖದ ಪಾರದರ್ಶಕ ಪರದೆ.

ಮೂರನೇ ಪುಟದಲ್ಲಿ ಸೈನಿಕರು ಬಾಲದ ಕಡೆಯಿಂದ ಓಡಿಬಂದು ಹತ್ತುತ್ತಾರೆ. ಬಾಲದ ರೋಟರ್ ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಪೈಲಟ್‌ಗೆ ಕಾಣುವಂತೆ ಮುಂದಿನಿಂದ, ಬಗ್ಗಿ ಬರಲಿ.

ಪ್ಯಾರಾಚೂಟ್ ದೃಶ್ಯವನ್ನು ಪೂರ್ತಿ ತೆಗೆಯಿರಿ. ಇಬ್ಬರೂ ಒಟ್ಟಿಗೇ ನೀರಿಗಿಳಿಯಲಿ. ತಲೆಕೆಳಗಾದ ಕಾಕ್‌ಪಿಟ್ಟಿನ ಆ ಕ್ಷಣಗಳಿಗೆ ಎರಡು ಪುಟ ಮೀಸಲಿಟ್ಟು ಮತ್ತೆ ಕಳಿಸಿ. ಖಂಡಿತ ಓದುತ್ತೇವೆ.

— ಸಂಪಾದಕ