ಹಣ ಕೊಡುವ ಮೊದಲು ಕರಾರು ಓದಿ

ನಮಸ್ಕಾರ. ಬದಿಯಡ್ಕದಲ್ಲಿ ಅಡಿಕೆ ಹಾಳೆತಟ್ಟೆ ಮಾಡುವ ನೀವು ಕೇಳಿದ್ದು: ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಹಿಡಿಯದಂತೆ ವಿಶ್ವವಿದ್ಯಾಲಯದವರು ಸಂಶೋಧನೆ ಮಾಡುತ್ತಾರೆ, ಖರ್ಚು ನಮ್ಮದು, ಹಾಗಾದರೆ ಪೇಟೆಂಟ್ (ಹೊಸ ಶೋಧವನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕು) ಯಾರದ್ದು?

ಖರ್ಚು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಕರಾರಿನಲ್ಲಿ ಬರೆದದ್ದೇ ಲೆಕ್ಕ. ಎಷ್ಟೋ ಕಡೆ ಒಡೆತನವನ್ನು ಸಂಸ್ಥೆಯೇ ಇಟ್ಟುಕೊಂಡು ನಿಮಗೆ ಬಳಸುವ ಲೈಸೆನ್ಸ್ ಕೊಡುತ್ತದೆ. ಅದು ನಿಮಗೊಬ್ಬರಿಗೇ ಸಿಗುತ್ತದೋ, ಸೀತಾಂಗೋಳಿಯ ಇನ್ನೊಬ್ಬರಿಗೂ ಕೊಡಬಹುದೋ ಎಂದು ಮೊದಲೇ ಕೇಳಿ. "ಜಂಟಿ ಒಡೆತನ" ಎಂದರೆ ತಕ್ಷಣ ಒಪ್ಪಬೇಡಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಭಾರತದ ಪೇಟೆಂಟ್ ಕಾಯ್ದೆಯಂತೆ ಇಬ್ಬರೂ ತಮ್ಮಷ್ಟಕ್ಕೆ ಬಳಸಬಹುದು, ಆದರೆ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ.

ಮುಖ್ಯವಾದದ್ದು ಪ್ರಕಟಣೆ. ನಾನು ಹಣ ಹಾಕಿದ ಒಂದು ಕೆಲಸದಲ್ಲಿ ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ವಿದ್ಯಾರ್ಥಿಯೊಬ್ಬರು ಲೇಪದ ಅಳತೆಯನ್ನೆಲ್ಲ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟರು. ಎಲ್ಲರಿಗೂ ತಿಳಿದ ಮೇಲೆ ಹೊಸತನ ಹೋಯಿತು, ಪೇಟೆಂಟಿನ ದಾರಿಯೂ ಮುಚ್ಚಿತು. ಅವರ ತಪ್ಪಲ್ಲ, ಯಾರೂ ಹೇಳಿರಲಿಲ್ಲ. "ಅರ್ಜಿ ಸಲ್ಲಿಸುವವರೆಗೆ ಪ್ರಕಟಿಸುವಂತಿಲ್ಲ" ಎಂಬ ಒಂದು ಸಾಲು ಸಾಕಿತ್ತು. ಪೇಟೆಂಟಿಗೆ 20 ವರ್ಷ ಆಯುಸ್ಸು, ಅದೂ ಅರ್ಜಿ ದಿನದಿಂದ.

ಇನ್ನೊಂದು. ಹೊಸ ಸಂಶೋಧನೆಯೇ ಬೇಕೆಂದಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಲ್ಪರಸದಂಥ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ) ತನ್ನ ತಂತ್ರಜ್ಞಾನಗಳನ್ನು ಉದ್ಯಮಿಗಳಿಗೆ ಶುಲ್ಕಕ್ಕೆ ಕೊಡುತ್ತದೆ. ಅಲ್ಲಿ ಅಡಿಕೆಯ ಕೆಲಸವೂ ನಡೆಯುತ್ತದೆ. ಒಂದು ಬೂಷ್ಟು ಹಿಡಿದ ತಟ್ಟೆ, ಒಂದು ಒಳ್ಳೆಯದು ತೆಗೆದುಕೊಂಡು ಹೋಗಿ ತೋರಿಸಿ. ಕರಾರಿನ ಕರಡು ಬಂದ ಮೇಲೆ ಇಲ್ಲೇ ಕೇಳಿ, ಸಾಲುಸಾಲಾಗಿ ನೋಡೋಣ.