ಆಪ್ತಸಲಹೆ ಪ್ರಕರಣ: ಲಾ ಬಿಡಲೋ, ಕ್ರಿಮಿನಾಲಜಿ ಬಿಡಲೋ?

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಸುಮಾ ಕಾನೂನು (ಲಾ) ಮತ್ತು ಅಪರಾಧ ಯಾಕೆ, ಹೇಗೆ ನಡೆಯುತ್ತದೆ ಎಂದು ನೋಡುವ ಅಪರಾಧಶಾಸ್ತ್ರ (ಕ್ರಿಮಿನಾಲಜಿ) ಎರಡನ್ನೂ ಒಟ್ಟಿಗೆ ಓದುವ ಡಬಲ್ ಡಿಗ್ರಿಯ ಎರಡನೇ ವರ್ಷದಲ್ಲಿದ್ದಳು. ಬಂದವಳೇ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಎರಡರಲ್ಲಿ ಯಾವುದನ್ನು ಬಿಡಲಿ?" ಬಿಡಬೇಕು ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಯಾವುದನ್ನು ಅನ್ನುವುದಷ್ಟೇ ಬಾಕಿ.

ಮೊದಲು ನಿದ್ದೆ, ಊಟ, ಗೆಳೆಯರ ಬಗ್ಗೆ ವಿಚಾರಿಸಿದೆ. ಬದುಕೇ ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಅಸೈನ್‌ಮೆಂಟ್ ಒಪ್ಪಿಸುವ ವಾರಗಳಲ್ಲಿ ನಿದ್ದೆ ಕೆಡುತ್ತಿತ್ತು, ಅಷ್ಟೇ. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. "ಶಾಲೆಯಲ್ಲಿ ಯಾವತ್ತೂ ಹಿಂದೆ ಬಿದ್ದವಳಲ್ಲ. ಇಲ್ಲಿ ಎರಡರಲ್ಲೂ ಪಾಸಾಗುವುದೇ ಕಷ್ಟವಾಗಿದೆ. ನನಗೆ ಅಷ್ಟು ಬುದ್ಧಿ ಇಲ್ಲ ಅನ್ನಿಸುತ್ತೆ" ಎಂದಳು.

ಮನೆಯ ಕಥೆಯೂ ಬಂತು. ಅಪ್ಪ ವಕೀಲರು. ಲಾ ಓದಲೇಬೇಕು ಎಂದಿದ್ದರು. "ಬೇಕಿದ್ದರೆ ಜೊತೆಗೆ ಅದನ್ನೂ ಓದಿಕೋ" ಎಂದು ಕ್ರಿಮಿನಾಲಜಿಗೆ ಒಪ್ಪಿದ್ದರು. ಹೀಗಾಗಿ ಲಾ ಅಪ್ಪನದು, ಕ್ರಿಮಿನಾಲಜಿ ತನ್ನದು ಎಂದು ಅವಳು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿದ್ದಳು. ಇಲ್ಲಿಂದಲೇ ಅಪ್ಪ ಮಗಳ ಸಂಬಂಧದೊಳಕ್ಕೆ ಇಳಿದುಬಿಡುವುದು ಸುಲಭ. ಆದರೆ ಓದಿನ ತೊಂದರೆಯನ್ನು ಮನಸ್ಸಿನ ತೊಂದರೆ ಮಾಡಿ ಕೂರಿಸುವ ಚಾಳಿ ನಮ್ಮ ವೃತ್ತಿಯಲ್ಲಿ ಸ್ವಲ್ಪ ಜಾಸ್ತಿ. "ಮುಂದಿನ ಸಲ ಬರುವಾಗ ಅಂಕ ಕಡಿಮೆ ಬಂದ ಉತ್ತರಪತ್ರಿಕೆ ತೆಗೆದುಕೊಂಡು ಬಾ, ಎರಡು ಕಡೆಯದೂ" ಎಂದೆ. ಅವಳಿಗೆ ಆಶ್ಚರ್ಯವಾಯಿತು.

ಪತ್ರಿಕೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದೆವು. ಲಾ ಪತ್ರಿಕೆಯ ಪ್ರಶ್ನೆ ಇದು: ಕೆಲಸವಿಲ್ಲದ ಒಬ್ಬ ಯುವಕ, ಗೆಳೆಯ ಒಪ್ಪಿದ್ದಾನೆ ಎಂದು ನಂಬಿ ಅವನ ಸೈಕಲ್ ತೆಗೆದುಕೊಂಡು ಹೋಗುತ್ತಾನೆ. ಗೆಳೆಯ ನಿಜವಾಗಿ ಒಪ್ಪಿರಲಿಲ್ಲ. ಯುವಕನ ಹೊಣೆಯೇನು? 'ಕೆಲಸವಿಲ್ಲದ' ಅನ್ನುವ ಮಾತು ಕಂಡದ್ದೇ ತಡ, ಸುಮಾ ನಿರುದ್ಯೋಗಕ್ಕೂ ಕಳ್ಳತನಕ್ಕೂ ಇರುವ ನಂಟಿನ ಬಗ್ಗೆ ಒಂದೂವರೆ ಪುಟ ಬರೆದಿದ್ದಳು. ಚೆನ್ನಾಗಿಯೇ ಬರೆದಿದ್ದಳು. ಅಂಚಿನಲ್ಲಿ ಕೆಂಪು ಶಾಯಿ ಕೇಳಿತ್ತು: "ಹಾಗಾದರೆ ಕಳ್ಳತನ ಆಯಿತೋ, ಇಲ್ಲವೋ?" ಅಪ್ರಾಮಾಣಿಕ ಉದ್ದೇಶ ಇತ್ತೇ ಅನ್ನುವ ಒಂದೇ ಅಂಶದ ಮೇಲೆ ಇಡೀ ಉತ್ತರ ನಿಂತಿತ್ತು. ಅವಳು ಅದನ್ನು ಮುಟ್ಟಿಯೇ ಇರಲಿಲ್ಲ.

ಇನ್ನೊಂದು ಪತ್ರಿಕೆಯಲ್ಲಿ ಎಲ್ಲ ಉಲ್ಟಾ. ಹದಿಹರೆಯದಲ್ಲಿ ಏರುವ ಅಪರಾಧ ಇಪ್ಪತ್ತು ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ, ಹೆಚ್ಚಿನವರು ತಾವಾಗಿಯೇ ಬಿಟ್ಟುಬಿಡುತ್ತಾರೆ, ಯಾಕೆ? ಸುಮಾ ಬರೆದದ್ದು ಬಾಲಾಪರಾಧಿ ಯಾರು, ಎಷ್ಟು ವಯಸ್ಸಿಗೆ ಹೊಣೆ, ವಿಚಾರಣೆ ಯಾವ ಕೋರ್ಟಿನಲ್ಲಿ, ಯಾವ ಸೆಕ್ಷನ್ ಎಂದು. ಅಂಚಿನಲ್ಲಿ: "ಇದು ಕಾನೂನು ಹೇಳುವುದು. ನಿಜವಾಗಿ ಏನಾಗುತ್ತದೆ? ಪುರಾವೆ ಎಲ್ಲಿ?"

ಸುಮಾ ಎರಡನ್ನೂ ಒಂದಾದ ಮೇಲೊಂದು ಓದಿ ನಕ್ಕುಬಿಟ್ಟಳು. "ಅಲ್ಲಿ ಬರೆಯಬೇಕಾದ್ದು ಇಲ್ಲಿ, ಇಲ್ಲಿಯದು ಅಲ್ಲಿ" ಎಂದಳು. ಬುದ್ಧಿ ಸಾಲದವಳಿಗೆ ಹೀಗೆ ಅದಲುಬದಲು ಮಾಡಲಿಕ್ಕೂ ಬರುವುದಿಲ್ಲ. ಎರಡೂ ವಿಷಯ ಅವಳಿಗೆ ಗೊತ್ತಿತ್ತು. ಕೇಳುತ್ತಿರುವುದು ಯಾರು ಅನ್ನುವುದರ ಕಡೆಗೆ ಮಾತ್ರ ಗಮನ ಇರಲಿಲ್ಲ.

ಈ ಗೊಂದಲ ಅವಳೊಬ್ಬಳದೇ ಅಲ್ಲ, ದೊಡ್ಡವರೇ ಇದರ ಮೇಲೆ ಜಗಳಾಡಿದ್ದಾರೆ. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್, ಕಂಪನಿಗಳ ದೊಡ್ಡ ಕುಳಗಳು ಮಾಡುವ ಮೋಸವೂ ಅಪರಾಧವೇ, ಅದು ಕ್ರಿಮಿನಲ್ ಕೋರ್ಟಿನವರೆಗೆ ಬರುವುದಿಲ್ಲ ಅಷ್ಟೇ ಎಂದರು. 1947ರಲ್ಲಿ ಪಾಲ್ ಟ್ಯಾಪನ್ ಅದನ್ನು ಒಪ್ಪಲಿಲ್ಲ. ಕೋರ್ಟು ತಪ್ಪಿತಸ್ಥ ಅನ್ನುವವರೆಗೆ ಯಾರನ್ನೂ ಅಪರಾಧಿ ಎಂದು ಕರೆಯಬಾರದು, ಇಲ್ಲವಾದರೆ ನಮಗೆ ಇಷ್ಟವಿಲ್ಲದವರೆಲ್ಲ ಅಪರಾಧಿಗಳಾಗಿಬಿಡುತ್ತಾರೆ ಅನ್ನುವುದು ಅವರ ವಾದ. ಟ್ಯಾಪನ್ ಕಾನೂನು, ಸಮಾಜಶಾಸ್ತ್ರ ಎರಡನ್ನೂ ಓದಿದವರು! ಇದನ್ನು ಹೇಳಿದಾಗ ಸುಮಾಳ ಮುಖದಲ್ಲಿ ಮೊದಲ ಸಲ ಆಸಕ್ತಿ ಕಂಡಿತು.

ನಾನು ಕೊಟ್ಟ ಅಭ್ಯಾಸ ಹೀಗಿತ್ತು. ಒಂದೇ ಪ್ರಕರಣ ತೆಗೆದುಕೊಂಡು ಎರಡು ಬೇರೆ ಹಾಳೆಯಲ್ಲಿ ಬರೆಯಬೇಕು. ಮೊದಲ ಹಾಳೆಯ ತಲೆಯ ಮೇಲೆ 'ಇವನು ಹೊಣೆಯೇ?' ಎಂದಿರಬೇಕು. ಎರಡನೆಯದರ ಮೇಲೆ 'ಇದು ಹೇಗೆ ನಡೆಯಿತು, ಜನ ಏನು ಮಾಡಿದರು?' ಎಂದು. ಒಂದರ ಮಾತು ಇನ್ನೊಂದಕ್ಕೆ ನುಸುಳಿದರೆ ಹೊಡೆದುಹಾಕಬೇಕು.

ಅವಳು ಆರಿಸಿಕೊಂಡದ್ದು ಲಾ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ 1884ರ ಡಡ್ಲಿ ಮತ್ತು ಸ್ಟೀಫನ್ಸ್ ಪ್ರಕರಣ. ಮಿನ್ಯೊನೆಟ್ ಅನ್ನುವ ಇಂಗ್ಲಿಷ್ ನೌಕೆ ಅಟ್ಲಾಂಟಿಕ್‌ನಲ್ಲಿ ಮುಳುಗಿ ನಾಲ್ವರು ಪುಟ್ಟ ದೋಣಿಯಲ್ಲಿ ಉಳಿದರು. ಅವರ ಬಳಿ ಇದ್ದದ್ದು ಎರಡು ಡಬ್ಬಿ ಟರ್ನಿಪ್ ಗೆಡ್ಡೆ. ನಡುವೆ ಒಂದು ಆಮೆ ಸಿಕ್ಕಿತು. ಸುಮಾರು ಮೂರು ವಾರ ಆಗುವ ಹೊತ್ತಿಗೆ ಕ್ಯಾಪ್ಟನ್ ಡಡ್ಲಿ ಮತ್ತು ಸ್ಟೀಫನ್ಸ್ ಸೇರಿ, ಕಾಯಿಲೆ ಬಿದ್ದಿದ್ದ 17 ವರ್ಷದ ಪಾರ್ಕರ್‌ನನ್ನು ಕೊಂದರು. ಉಳಿದ ಮೂವರೂ ಅವನ ಮಾಂಸ ತಿಂದು ಬದುಕಿದರು. ಅನಿವಾರ್ಯ ಅನ್ನುವುದು ಕೊಲೆಗೆ ಸಮರ್ಥನೆಯಲ್ಲ ಎಂದಿತು ಕೋರ್ಟು. ಮರಣದಂಡನೆ ಆಯಿತು. ಆಮೇಲೆ ಅದನ್ನು 6 ತಿಂಗಳ ಜೈಲಿಗೆ ಇಳಿಸಿದರು.

ಮೊದಲ ಹಾಳೆಯಲ್ಲಿ ಸುಮಾ ಎರಡು ಕಡೆ 'ಪಾಪ, ಹಸಿವು' ಎಂದು ಬರೆದು ತಾನೇ ಹೊಡೆದುಹಾಕಿದ್ದಳು. ಕೊಲ್ಲುವ ಉದ್ದೇಶ ಇತ್ತು, ಸಮರ್ಥನೆ ನಿಲ್ಲಲಿಲ್ಲ, ಆದ್ದರಿಂದ ಕೊಲೆ. ಅಷ್ಟೇ. ಎರಡನೆಯ ಹಾಳೆ ತುಂಬಾ ಪ್ರಶ್ನೆಗಳಿದ್ದವು. ದಡ ಸೇರಿದ ಮೇಲೆ ಈ ನಾವಿಕರು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು, ಯಾಕೆ? ಕಡಲಿನವರ ರೂಢಿಯಲ್ಲಿ ಅದು ಅಪರಾಧವೇ ಆಗಿರಲಿಲ್ಲವಾ? ಬಂದರಿನ ಜನ ಆರೋಪಿಗಳ ಪರ ಯಾಕೆ ನಿಂತರು? ಹಾಗಿದ್ದೂ ಸರ್ಕಾರ ಕೇಸು ನಡೆಸಿದ್ದು ಯಾಕೆ? ಕೆಳಗೆ ಸಣ್ಣಗೆ ಒಂದು ಸಾಲು: "ಶಿಕ್ಷೆ ಇಳಿಸಿದ್ದು ಯಾವ ಹಾಳೆಗೆ ಸೇರಬೇಕು ಗೊತ್ತಾಗಲಿಲ್ಲ." ಅದಕ್ಕೆ ಎರಡರಲ್ಲೂ ಜಾಗವಿದೆ ಎಂದೆ. ಹೊಣೆ ತೀರ್ಮಾನವಾದ ಮೇಲೆ ಶಿಕ್ಷೆ ಎಷ್ಟು ಅನ್ನುವಲ್ಲಿಯೇ ಅವಳ ಎರಡು ಡಿಗ್ರಿಗಳೂ ಹೆಚ್ಚಾಗಿ ಭೇಟಿಯಾಗುವುದು.

ಮುಂದಿನ ಲಾ ಉತ್ತರಕ್ಕೆ ಒಳ್ಳೆಯ ಅಂಕ ಬಂತು. ಕ್ರಿಮಿನಾಲಜಿಯಲ್ಲಿ ಮಾತ್ರ ಹಾಗೇ ಇತ್ತು. ಕೆದಕಿದರೆ ಕಾರಣ ಬೇರೆಯೇ: ಅಂಕಿಅಂಶದ ಪೇಪರ್. ಗಣಿತದಿಂದ ತಪ್ಪಿಸಿಕೊಳ್ಳಲು ಕಾನೂನು ಹಿಡಿದವರು ಕ್ರಿಮಿನಾಲಜಿಯಲ್ಲಿ ಸಿಕ್ಕಿಬೀಳುತ್ತಾರೆ, ಇದು ಮಾಮೂಲು. ಟೇಬಲ್ ಬಂದ ಕಡೆಯೆಲ್ಲ ಪುಟ ಹಾರಿಸುತ್ತಿದ್ದಳು. ನಾವು ಒಂದೇ ಒಂದು ಅಧ್ಯಯನ ತೆಗೆದುಕೊಂಡೆವು. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ ಸುಮಾರು ಹತ್ತು ಸಾವಿರ ಹುಡುಗರ ದಾಖಲೆಯನ್ನು ಮಾರ್ವಿನ್ ವುಲ್ಫ್‌ಗ್ಯಾಂಗ್ ಮತ್ತು ಜೊತೆಗಾರರು ಬೆನ್ನು ಹತ್ತಿದ್ದರು. 1972ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಶೇ. 6ರಷ್ಟು ಹುಡುಗರೇ ಪೊಲೀಸರ ದಾಖಲೆಗೆ ಬಂದ ಕೃತ್ಯಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾಡಿದ್ದರು. "ಹಾಗಾದರೆ ಅವರನ್ನು ಮೊದಲೇ ಹಿಡಿದು ಹಾಕಿದರೆ ಆಯಿತಲ್ವಾ?" ಎಂದಳು. ಆ ಶೇ. 6 ಯಾರು ಅಂತ ಗೊತ್ತಾದದ್ದು ಯಾವಾಗ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲ ಮುಗಿದ ಮೇಲೆ" ಎಂದಳು. ಅಂಕಿಅಂಶದ ಪಾಠ ಅಲ್ಲೇ ಶುರುವಾಯಿತು. ಅದಕ್ಕೆ ವಿಭಾಗದಲ್ಲೇ ಇದ್ದ ಸಹಾಯ ತರಗತಿಗೆ ಹೋಗಲು ಹೇಳಿದೆ. ಅದು ನನ್ನ ಕೆಲಸವಲ್ಲ.

ಅಪ್ಪನ ವಿಷಯಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅವರ ಆಕ್ಷೇಪ ಒಂದೇ: "ಆ ಡಿಗ್ರಿಯಿಂದ ಏನು ಸಿಗುತ್ತೆ?" ಬೆರಳಚ್ಚು, ರಕ್ತದ ಕಲೆ ಪರೀಕ್ಷೆ ಮಾಡುವ ಓದು ಅದು ಎಂದು ಅವರು ತಿಳಿದಿದ್ದರು. ಅದು ವಿಧಿವಿಜ್ಞಾನ, ಲ್ಯಾಬಿನ ಕೆಲಸ. ಸೇರುವಾಗ ಸುಮಾಳೂ ಹಾಗೆಯೇ ಅಂದುಕೊಂಡಿದ್ದಳಂತೆ! ಕ್ರಿಮಿನಾಲಜಿ ಒಂದನ್ನೇ ಓದಿದರೆ ವಕೀಲಿಕೆಗೆ ದಾರಿ ಇಲ್ಲ, ಅದನ್ನು ಮುಚ್ಚಿಡಬೇಡ ಎಂದೆ. ಪ್ರೊಬೇಶನ್ (ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ನಿಗಾದಲ್ಲಿಡುವ ವ್ಯವಸ್ಥೆ), ಜೈಲು ಆಡಳಿತ, ಸಂತ್ರಸ್ತರ ನೆರವು, ಸಂಶೋಧನೆ, ನೀತಿ ರೂಪಿಸುವ ಕಚೇರಿಗಳಲ್ಲಿ ಕೆಲಸವಿದೆ. ವಕೀಲಿಕೆಗೇ ಹೋದರೂ ಜಾಮೀನಿನ ವಾದದಲ್ಲಿ, ಶಿಕ್ಷೆಯ ವಾದದಲ್ಲಿ ಈ ಓದು ಉಪಯೋಗಕ್ಕೆ ಬರುತ್ತದೆ. ಇದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಕೋಣೆಯಲ್ಲೇ ಅಭ್ಯಾಸ ಮಾಡಿದೆವು. "ಶಿಕ್ಷೆಯ ವಾದಕ್ಕೆ ನಾವು ಯಾರೂ ಸರಿಯಾಗಿ ತಯಾರಿ ಮಾಡಲ್ಲ" ಎಂದರಂತೆ ಅವರು. ಪೂರ್ತಿ ಒಪ್ಪಿದರು ಅಂತೇನಲ್ಲ. ಮುಂದೇನೂ ಹೇಳಲಿಲ್ಲ.

ಬಿಡುವ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ಸೋತೆ ಅನ್ನಿಸುವ ವಾರದಲ್ಲಿ ಬಿಡಬೇಡ. ಸೆಮಿಸ್ಟರ್ ಮುಗಿದು, ನಿದ್ದೆ ಸರಿಹೋದ ಮೇಲೂ ಬೇಡ ಅನ್ನಿಸಿದರೆ ಧೈರ್ಯವಾಗಿ ಬಿಡು. ಅದಕ್ಕೆ ಮುಂಚೆ ಕೋರ್ಸ್ ಸಂಯೋಜಕರನ್ನು ಕೇಳಿ ನಿಯಮ ತಿಳಿದುಕೋ. ಬಿಡಲು ಕೊನೆಯ ದಿನ ಯಾವುದು, ಪಾಸಾದ ಪೇಪರ್‌ಗಳು ಉಳಿದ ಡಿಗ್ರಿಗೆ ಲೆಕ್ಕಕ್ಕೆ ಬರುತ್ತವೆಯೇ, ಒಂದು ಸೆಮಿಸ್ಟರಿಗೆ ಕಡಿಮೆ ಪೇಪರ್ ತೆಗೆದುಕೊಳ್ಳಬಹುದೇ. ನಿಯಮಗಳು ಎಲ್ಲ ಕಡೆ ಒಂದೇ ಇರುವುದಿಲ್ಲ. ಹಿರಿಯ ವಿದ್ಯಾರ್ಥಿ ಹೇಳಿದ್ದನ್ನು ನಂಬಿ ಕೂರಬೇಡ, ಬರಹದಲ್ಲಿ ಕೇಳು.

ಮೂರನೆಯ ಪ್ರಶ್ನೆಗೆ ಅವಳಿಗೆ 'ಹೌದು' ಎಂಬ ಉತ್ತರ ಸಿಕ್ಕಿತು. ಈಗ ಪ್ರತಿ ಸೆಮಿಸ್ಟರ್ ಒಂದು ಪೇಪರ್ ಕಡಿಮೆ ಮಾಡಿಕೊಂಡಿದ್ದಾಳೆ. ಜೊತೆಯವರಿಗಿಂತ ಓದು ತಡವಾಗಿ ಮುಗಿಯುತ್ತದೆ. ಅದರ ಬಗ್ಗೆ ಬೇಜಾರಿದೆ, ಇಲ್ಲ ಅಂತ ಅವಳೂ ಹೇಳುವುದಿಲ್ಲ. ಅಂಕಿಅಂಶದ ಪೇಪರ್ ಇನ್ನೂ ಬಾಕಿ ಇದೆ. ಅದರ ಫಲಿತಾಂಶ ಬಂದ ಮೇಲೆ ಬೇಕೆನಿಸಿದರೆ ಬರುತ್ತೇನೆ ಎಂದಿದ್ದಾಳೆ.